ಬಾಣಂತಿಯ ವಿಜ್ಞಾನ ಪರೀಕ್ಷೆ

ಸಿದ್ದಾಪುರದ ಆ ಮನೆಗೆ ಹೋಗುವುದೆಂದರೆ ಮೊದಲು ನನ್ನ ಮಂಡಿ ನೋಯುತ್ತಿತ್ತು, ಆಮೇಲೆ ತಲೆ. ಮೂರನೇ ಮಹಡಿ, ಕಡಿದಾದ ಮೆಟ್ಟಿಲು, ಒಂದೇ ಕೋಣೆ. ಮೇ ತಿಂಗಳ ಸೆಕೆಯಲ್ಲೂ ಕಿಟಕಿ ಮುಚ್ಚಿ ಒಳಗೆಲ್ಲ ಸಾಂಬ್ರಾಣಿ ಹೊಗೆ ತುಂಬಿಸಿರುತ್ತಿದ್ದರು. ಮಂಚದ ಮೇಲೆ ನನ್ನ ಟ್ಯೂಷನ್ ಹುಡುಗಿ ತಲೆಗೆ ಬಟ್ಟೆ ಬಿಗಿದುಕೊಂಡು, ಎರಡೂ ಕಿವಿಗೆ ಹತ್ತಿ ತುರುಕಿಕೊಂಡು, ಪಕ್ಕದಲ್ಲಿ ಕೂಸನ್ನಿಟ್ಟುಕೊಂಡು ಮಲಗಿರುತ್ತಿದ್ದಳು. ಅವಳಿಗಿನ್ನೂ ಹದಿನಾರು.

ಜಯನಗರದ ನಮ್ಮ ಮನೆಯ ಮುಂದಿನ ರೂಮಿನಲ್ಲಿ ಹತ್ತನೇ ಕ್ಲಾಸಿನವರಿಗೆ ಪಾಠ ಹೇಳುತ್ತ ನನಗೆ ಕೂದಲು ಬೆಳ್ಳಗಾಗಿದೆ. ಇವಳು ಬುದ್ಧಿವಂತೆ. ಪಕ್ಕದ ಬೀದಿಯ ಟೆಂಪೊ ಓಡಿಸುವವನೊಬ್ಬ ಮದುವೆಯಾಗುತ್ತೇನೆ ಅಂದ, ಇವಳು ನಂಬಿದಳು. ಆಸ್ಪತ್ರೆಯವರು ವಯಸ್ಸು ನೋಡಿ ಪೊಲೀಸರಿಗೆ ತಿಳಿಸಿದರು, ಅವನು ಒಳಗೆ ಹೋದ. ತುಂಬಿದ ಹೊಟ್ಟೆ ಹೊತ್ತುಕೊಂಡೇ ಇವಳು ಎಸ್ಸೆಸ್ಸೆಲ್ಸಿ ಬರೆದಳು. ವಿಜ್ಞಾನದ ದಿನ ಬೆಳಿಗ್ಗೆ ನೋವು ಕಾಣಿಸಿಕೊಂಡಿತು. ಉಳಿದದ್ದು ಅದೊಂದೇ ಪತ್ರಿಕೆ, ಎರಡು ತಿಂಗಳ ಮೇಲೆ ನಡೆಯುವ ಎರಡನೇ ಪರೀಕ್ಷೆಯಲ್ಲಿ ಬರೆಯಬಹುದಿತ್ತು. ಈ ಸಲ ತಪ್ಪಿದರೆ ಮುಗಿಯಿತು ಅಂತ ನನಗೆ ಗೊತ್ತಿತ್ತು. ಕೈಯಲ್ಲಿ ಕೂಸಿಟ್ಟುಕೊಂಡು "ಮುಂದಿನ ವರ್ಷ ಬರೀತೀನಿ ಮಿಸ್" ಅಂದ ಹುಡುಗಿಯರು ಇವಳಿಗಿಂತ ಮುಂಚೆಯೂ ಇದ್ದರು. ಅವರಲ್ಲಿ ಒಬ್ಬಳೂ ಬರೆಯಲಿಲ್ಲ. ಅದನ್ನು ನೋಡಿ ನೋಡಿ ನನಗೆ ಸಾಕಾಗಿತ್ತು.

ಹುಡುಗಿಯ ಅಮ್ಮ ಜೆ.ಪಿ. ನಗರದಲ್ಲಿ ಮನೆಕೆಲಸಕ್ಕೆ ಹೋಗಿಬಿಡುತ್ತಿದ್ದಳು. ಹಾಗಾಗಿ ಬಾಣಂತನವೆಲ್ಲ ಅಜ್ಜಿಯದೇ. ಎಣ್ಣೆ, ಬಿಸಿನೀರು, ಬೆಳ್ಳುಳ್ಳಿ, ಹೊಗೆ ಯಾವುದರಲ್ಲೂ ಆಕೆ ಚೂರೂ ಲೋಪ ಮಾಡುವವರಲ್ಲ. ನಾನು ಪುಸ್ತಕ ತೆಗೆದ ಮೊದಲ ದಿನವೇ ಅಡ್ಡ ಬಂದರು.

"ಓದಂಗಿಲ್ಲ ಮೇಡಂ. ಹಸಿ ಬಾಣಂತಿ, ಕಣ್ಣು ಹೋಗುತ್ತೆ."

"ಅಜ್ಜಿ, ಪರೀಕ್ಷೆ ಇದೆ."

"ಪರೀಕ್ಷೆ ಮುಂದಿನ ವರ್ಷಾನೂ ಬರುತ್ತೆ. ಹೋದ ಕಣ್ಣು ಬರುತ್ತಾ?"

ನನಗೆ ಮೈಯೆಲ್ಲ ಉರಿಯಿತು. ಈ ಕಾಳಜಿ ಹೋದ ವರ್ಷ ಎಲ್ಲಿ ಹೋಗಿತ್ತು ಅಂತ ಕೇಳೇಬಿಡೋಣ ಅನ್ನಿಸಿತು. ಕೇಳಿದರೆ ನಾಳೆಯಿಂದ ಬಾಗಿಲು ತೆಗೆಯುವುದಿಲ್ಲ ಅಂತ ಬಾಯಿ ಮುಚ್ಚಿಕೊಂಡೆ. ಆಮೇಲೆ ಹೊಳೆಯಿತು. "ಅವಳು ಓದಬಾರದು ತಾನೆ? ನಾನು ಓದ್ತೀನಿ. ಅವಳು ಮಲಗಿಕೊಂಡೇ ಕೇಳ್ಲಿ."

ಬಾಣಂತಿ ಪಾಠ ಕೇಳಬಾರದು ಅಂತ ಅಜ್ಜಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಒಪ್ಪಿದರು. ಆದರೆ ಕಿವಿಯಲ್ಲಿ ಹತ್ತಿ ಇತ್ತಲ್ಲ, ಅದನ್ನು ತೆಗೆಯುವುದಕ್ಕೆ ಮತ್ತೆ ಜಗಳ. ಥಂಡಿ ಹೊಕ್ಕರೆ ಜನ್ಮವೆಲ್ಲ ತಲೆನೋವು ಅಂತ ಅವರು. ಕಿವಿ ಮುಚ್ಚಿ ಪಾಠ ಹೇಳುವುದು ಹೇಗೆ ಅಂತ ನಾನು. ಕೊನೆಗೆ ಗೋಡೆ ಕಡೆಯ ಕಿವಿಯ ಹತ್ತಿ ಉಳಿಯಿತು, ನನ್ನ ಕಡೆಯದು ಈಚೆ ಬಂತು. ಅವತ್ತಿನಿಂದ ಮಧ್ಯಾಹ್ನದ ಹೊತ್ತು ಒಂದು ಕಿವಿಗೆ ವಿಜ್ಞಾನ ಹೇಳಿದೆ. ಬೆಳಕು, ವಿದ್ಯುತ್ತು, ಆಮ್ಲ, ಪ್ರತ್ಯಾಮ್ಲ. ನಡುವೆ ಕೂಸು ಅಳುತ್ತಿತ್ತು, ಹಾಲು ಕುಡಿಯುತ್ತಿತ್ತು, ಒದ್ದೆ ಮಾಡುತ್ತಿತ್ತು. ಇವಳು ತೂಕಡಿಸುತ್ತಿದ್ದಳು. ಕೆಲವು ದಿನ ನಾನೂ ತೂಕಡಿಸಿದ್ದುಂಟು.

ಸಂತಾನೋತ್ಪತ್ತಿಯ ಪಾಠ ಬಂದ ದಿನ ಹುಡುಗಿ ತೂಕಡಿಸಲಿಲ್ಲ. "ಈ ಪಾಠ ಸ್ಕೂಲಲ್ಲಿ ಮಾಡ್ಲಿಲ್ಲ ಮಿಸ್. ಮನೇಲಿ ಓದ್ಕೊಳ್ಳಿ ಅಂದ್ಬಿಟ್ರು."

"ಓದ್ಕೊಂಡ್ಯಾ?"

"ಇಲ್ಲ ಮಿಸ್. ನಾಚ್ಕೆ ಆಯ್ತು."

ಗರ್ಭ ನಿಲ್ಲದಂತೆ ತಡೆಯುವ ವಿಧಾನಗಳ ಭಾಗ ಓದಿ ಮುಗಿಸಿದೆ. ತುಂಬ ಏನಿಲ್ಲ, ಒಂದು ಪುಟದಷ್ಟು. ಅವಳು ಕೂಸಿನ ಕಾಲು ಹಿಡಿದುಕೊಂಡು ಮೇಲೆ ನೋಡುತ್ತಿದ್ದಳು. "ಇಷ್ಟೇನಾ ಮಿಸ್? ಇದು ನನ್ ಬ್ಯಾಗಲ್ಲೇ ಇತ್ತಲ್ವಾ."

ನನಗೆ ಅಳು ಬಂತು, ಸಿಟ್ಟೂ ಬಂತು. ಯಾರ ಮೇಲೆ ಅಂತ ಹೇಳಲಿ. ಪಾಠ ಹಾರಿಸಿದ ಮೇಷ್ಟ್ರ ಮೇಲೆ, ಟೆಂಪೊದವನ ಮೇಲೆ, ಮಾತೆತ್ತಿದರೆ ಮುಖ ತಿರುಗಿಸುವ ನಮ್ಮೆಲ್ಲರ ಮೇಲೆ. ಬೆಳ್ಳುಳ್ಳಿ ಸುಲಿಯುತ್ತಿದ್ದ ಅಜ್ಜಿಯ ಕೈ ಕೂಡ ನಿಂತಿತ್ತು.

"ಇದನ್ನೆಲ್ಲ ಪುಸ್ತಕದಲ್ಲಿ ಬರ್ದಿರ್ತಾರಾ ಮೇಡಂ?" ಅಂತ ಕೇಳಿದರು. "ನಂಗೆ ಯಾರೂ ಹೇಳ್ಲಿಲ್ಲ. ಹದಿನೈದಕ್ಕೆ ಇವಳಮ್ಮನ್ನ ಹೆತ್ತೆ. ಅವಳಿಗೆ ನಾನು ಹೇಳ್ಲಿಲ್ಲ. ಅವಳೂ ಹಂಗೇ ಹೆತ್ತಳು."

ಮನಸ್ಸಿನಲ್ಲೇ ಲೆಕ್ಕ ಹಾಕಿ ನೋಡಿದೆ. ಆಕೆಗೆ ಇನ್ನೂ ಐವತ್ತಾಗಿಲ್ಲ. ನನಗೆ ಅರವತ್ತು ಹತ್ತಿರ ಬಂದಿದೆ. ಮುಂಗೈ ಸುಕ್ಕಾಗಿ, ಮುಂದಿನ ಎರಡು ಹಲ್ಲು ಬಿದ್ದುಹೋದ ಈ ಹೆಂಗಸನ್ನು ಬಂದ ದಿನದಿಂದ ಅಜ್ಜಿ ಅಜ್ಜಿ ಅಂತ ಕರೆಯುತ್ತಿದ್ದೆ. ಬೇರೆ ಹೇಗೆ ಕರೆಯಬೇಕೋ ತಿಳಿಯದೆ ಆಮೇಲೂ ಹಾಗೇ ಕರೆದೆ.

ಪರೀಕ್ಷೆಯ ದಿನ ಆಟೋದಲ್ಲಿ ಹೊರಟೆವು. ಮೂರು ತಿಂಗಳು ತುಂಬದ ಕೂಸು ಹೊಸಿಲು ದಾಟಬಾರದು ಅಂತ ಅಜ್ಜಿ ಗೊಣಗುತ್ತಲೇ ಇದ್ದರು. ಆದರೆ ಬಾಟಲಿ ಹಾಲು ಕೊಡುವುದಕ್ಕೆ ಅವರು ಸುತರಾಂ ಒಪ್ಪಿರಲಿಲ್ಲ, ಹಾಗಾಗಿ ಕೂಸು ಬರಲೇಬೇಕಿತ್ತು. ದಾರಿಯಲ್ಲಿ ಒಂದೇ ಷರತ್ತು ಹಾಕಿದರು. ಶಾಲೆ ಕಾಂಪೌಂಡಿನ ಮರದ ನೆರಳಲ್ಲಿ ಸೆರಗು ಮುಚ್ಚಿ ಕೂತಿರುತ್ತೇನೆ, ಅಲ್ಲಿಂದ ಒಂದು ಹೆಜ್ಜೆ ಆಚೆ ಇಡುವುದಿಲ್ಲ, ಬಿಸಿಲು ಗಾಳಿ ಕೂಸಿಗೆ ತಾಗಕೂಡದು ಅಂತ.

ಶಾಲೆಯ ಬಾಗಿಲಲ್ಲಿ ತಪಾಸಣೆಯ ಹೆಂಗಸು ಹುಡುಗಿಯ ತಲೆಬಟ್ಟೆ ಬಿಚ್ಚಿಸಿದಳು. "ಕಿವೀಲೇನಮ್ಮ ಅದು? ತೆಗಿ. ಬ್ಲೂಟೂತ್ ಇಟ್ಕೊಂಡು ಬರ್ತಾರೆ."

"ಅದು ಹತ್ತಿ ಕಣಮ್ಮ. ಬಾಣಂತಿ ಅವಳು," ಅಂದರು ಅಜ್ಜಿ.

"ಯಾರಾದ್ರೂ ಸರಿ. ರೂಲ್ಸು."

ಹತ್ತಿ ಈಚೆ ಬಂತು. ಅಜ್ಜಿ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಹುಡುಗಿಗೆ ಸಿಕ್ಕಿದ್ದು ಅಂಗಳಕ್ಕೆ ಮುಖಮಾಡಿದ ಕೋಣೆ, ಕಿಟಕಿ ಪಕ್ಕದ ಬೆಂಚು. ನಾವು ಮರದ ಕೆಳಗೆ ಕೂತೆವು. ನಾನು ಕಾಂಡಕ್ಕೆ ಒರಗಿದೆ, ಹಾಗೇ ಜೊಂಪು ಹತ್ತಿತು.

ಎಚ್ಚರವಾದಾಗ ಪಕ್ಕದಲ್ಲಿ ಅಜ್ಜಿಯೂ ಇಲ್ಲ, ಕೂಸೂ ಇಲ್ಲ. ಈ ಹೆಂಗಸು ಹೇಳದೆ ಕೇಳದೆ ಮನೆಗೆ ಹೊರಟುಬಿಟ್ಟರಲ್ಲ ಅಂತ ಬೈದುಕೊಂಡು ಗೇಟಿನಾಚೆ ಬಂದೆ. ರಸ್ತೆ ಕೊನೆಯ ಬಸ್ ಸ್ಟಾಪಿನ ಹತ್ತಿರ ಕಂಡರು. ಸುಡುವ ಬಿಸಿಲು, ಬಸ್ಸಿನ ಹೊಗೆ. ಬರಿಗಾಲಲ್ಲಿ ಆ ತುದಿಯಿಂದ ಈ ತುದಿಗೆ ಕೂಸನ್ನು ತೂಗುತ್ತ ಓಡಾಡುತ್ತಿದ್ದರು. ಕೂಸು ಕೆಂಪಗಾಗಿ, ಉಸಿರು ಕಟ್ಟಿ ಅಳುತ್ತಿತ್ತು.

"ಇಷ್ಟು ದೂರ ಯಾಕೆ ಬಂದ್ರಿ? ಬಿಸಿಲು ತಾಗಬಾರದು ಅಂದಿದ್ರಲ್ಲ," ಅಂದೆ. ನನ್ನ ದನಿ ಜೋರಾಗಿಯೇ ಇತ್ತು.

"ಅಲ್ಲಿದ್ರೆ ಅವಳಿಗೆ ಕೇಳ್ಸುತ್ತೆ ಮೇಡಂ. ಕಿವೀಲಿ ಹತ್ತಿ ಇಲ್ಲ. ಕೇಳ್ಸಿದ್ರೆ ಎದ್ದು ಬಂದ್ಬಿಡ್ತಾಳೆ."

ನಾನು ಚಪ್ಪಲಿ ಬಿಚ್ಚಿ ಅವರ ಮುಂದಿಟ್ಟೆ. ಬೇಡ ಅಂದರು. ಕೂಸನ್ನು ನಾನು ತೆಗೆದುಕೊಂಡೆ, ಇಬ್ಬರೂ ಸರದಿಯಲ್ಲಿ ಎತ್ತಿಕೊಂಡು ಓಡಾಡಿದೆವು. ಅತ್ತು ಅತ್ತು ಸುಸ್ತಾಗಿ ಅದು ನಿದ್ದೆ ಹೋಯಿತು. ಆಮೇಲೆ ಮರದ ಕೆಳಗೆ ಬಂದು ಕೂತೆವು.

ಬೆಲ್ಲು ಹೊಡೆದ ಮೇಲೆ ಎಲ್ಲರಿಗಿಂತ ಮುಂಚೆ ಓಡಿ ಬಂದವಳು ಇವಳೇ. ಎದೆಯ ಮೇಲೆ ಬಟ್ಟೆ ಒದ್ದೆಯಾಗಿತ್ತು, ದುಪಟ್ಟಾದಲ್ಲಿ ಮುಚ್ಚಿಕೊಂಡಿದ್ದಳು.

"ಪೂರ್ತಿ ಬರ್ದೆ ಮಿಸ್. ಆ ಪಾಠದ್ದೂ ಬಂದಿತ್ತು," ಅಂದಳು. ಕೂಸನ್ನು ಎತ್ತಿಕೊಂಡು ಅದರ ಕೆನ್ನೆ ಮುಟ್ಟಿ ನೋಡಿದಳು. "ಅಜ್ಜಿ, ಪಾಪು ಅತ್ತಿತ್ತಾ?"

"ಎಲ್ಲಿ ಅತ್ತಿತ್ತು? ನೀನು ಹೋದಾಗ ಮಲಗಿದ್ದು ಇನ್ನೂ ಎದ್ದಿಲ್ಲ," ಅಂದರು ಅಜ್ಜಿ, ಸುಟ್ಟ ಪಾದಗಳನ್ನು ಸೀರೆಯೊಳಕ್ಕೆ ಎಳೆದುಕೊಳ್ಳುತ್ತ.

ಹುಡುಗಿ ನನ್ನ ಮುಖ ನೋಡಿದಳು.

"ಇಲ್ಲ ಕಣೆ, ಅಳಲೇ ಇಲ್ಲ," ಅಂದೆ.