ಯಂತ್ರಕ್ಕೆ ಕಾಣದ ಕಪ್ಪು ಕ್ಯಾನು

ಬಿ.ಎಸ್ಸಿ. ಮುಗಿಸಿದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ ಹುಮನಾಬಾದಿನ ಒಂದು ಒಣ ಕಸದ ಘಟಕದಲ್ಲಿ ಯಂತ್ರ ನೋಡಿಕೊಳ್ಳುವುದು. ಬೆಲ್ಟಿನ ಮೇಲೆ ಬರುವ ಪ್ಲಾಸ್ಟಿಕ್ಕಿನ ಮೇಲೆ ಯಂತ್ರ ಬೆಳಕು ಬಿಡುತ್ತದೆ. ಮರಳಿ ಬಂದ ಬೆಳಕಿನಿಂದ ಅದು ಯಾವ ಬಗೆಯದೆಂದು ಗುರುತಿಸಿ, ಗಾಳಿ ಊದಿ, ಬೇರೆ ಬೇರೆ ತೊಟ್ಟಿಗೆ ಹಾರಿಸುತ್ತದೆ. ಕಪ್ಪು ಪ್ಲಾಸ್ಟಿಕ್ ಮಾತ್ರ ಬೆಳಕನ್ನು ನುಂಗಿಬಿಡುತ್ತದೆ. ಹಾಗಾಗಿ ಕಪ್ಪು ಡಬ್ಬಿ, ತಟ್ಟೆಗಳೆಲ್ಲ ಬೆಲ್ಟಿನ ಕೊನೆಯಲ್ಲಿ ಮಾವಶಿಯ ಮುಂದೆ ಬೀಳುತ್ತಿದ್ದವು.

ಬಸವಕಲ್ಯಾಣದಿಂದ ದಿನಾ ಬಸ್ಸಿಗೆ ಬರುತ್ತಿದ್ದ ಆಕೆಯನ್ನು ಎಲ್ಲರೂ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಚಾಕುವಿನಿಂದ ಚೂರು ಕೊಯ್ದು, ಕಡ್ಡಿ ಗೀರಿ ಸುಟ್ಟು, ಹೊಗೆ ಮೂಸಿ ಬಗೆ ತಿಳಿದು, ಸರಿಯಾದ ರಾಶಿಗೆ ಎಸೆಯುತ್ತಿದ್ದಳು.

"ಕರೇದಂದ್ರ ಬ್ಯಾಡ ಅಂತದ ನೋಡವ್ವ ನಿನ್ನ ಮಷೀನು. ಹೆಣ್ಣು ನೋಡಾಕ ಬಂದ ವರನಂಗ!"

ಔಷಧ ಕಾರ್ಖಾನೆಯ ಕ್ಯಾನುಗಳನ್ನು ಬೇರೆಯಾಗಿಯೇ ಒಯ್ಯಬೇಕು, ನಮ್ಮ ಕಸದಲ್ಲಿ ಬೆರೆಸಕೂಡದು ಎಂಬ ನಿಯಮವಿದೆ. ಒಂದು ದಿನ ಅಂಥ ಕಪ್ಪು ಕ್ಯಾನೊಂದು ಬಂದಿತ್ತು. ಚೀಟಿ ಕಿತ್ತುಹೋಗಿತ್ತು, ತಳದಲ್ಲಿ ಏನೋ ಉಳಿದಿತ್ತು. ವಾಸನೆ ಬರಲಿಲ್ಲವೇ ಎಂದು ಆಮೇಲೆ ಎಲ್ಲರೂ ಕೇಳಿದರು. ಬಂದಿತ್ತು. ಆದರೆ ಕಾರ್ಖಾನೆಗಳ ಕಡೆಯಿಂದ ಗಾಳಿ ಬೀಸಿದರೆ ಇಲ್ಲಿ ಯಾವಾಗಲೂ ಹಾಗೇ ನಾರುತ್ತದೆ. ಯಾರೂ ತಲೆ ಎತ್ತಲಿಲ್ಲ.

ಮಾವಶಿ ಕ್ಯಾನು ಕೊಯ್ದಳು. ಕಡ್ಡಿ ಗೀರಿದಳು. ಬೆಂಕಿ ಬುಸ್ಸೆಂದು ಆಕೆಯ ಮುಖಕ್ಕೆ ಹಾರಿತು.

ನಾನು ಬೆಲ್ಟ್ ನಿಲ್ಲಿಸುವ ಗುಂಡಿ ಒತ್ತಿ, ನೀರಿಗೆ ಓಡಿದೆ. ಬೆಲ್ಟಿನಿಂದ ಏನೂ ಆಗಿರಲಿಲ್ಲ. ಆದರೂ ಈಗಲೂ ಬಸ್ಸಿನಲ್ಲಿ ಕೂತಾಗ ನನ್ನ ಬೆರಳು ಮುಂದಿನ ಸೀಟಿನ ಬೆನ್ನನ್ನು ಒತ್ತುತ್ತಿರುತ್ತದೆ. ಪಕ್ಕದವರು ನೋಡಿದಾಗಲೇ ನನಗೆ ತಿಳಿಯುವುದು.

ಸುಟ್ಟ ಗಾಯ ವಾಸಿಯಾಯಿತು, ದೃಷ್ಟಿ ಮರಳಲಿಲ್ಲ. ಕಣ್ಣಿಗೆ ಮೊದಲು ಬೆಳಕು ತಿಳಿಯಬೇಕು, ಅದು ತಿಳಿದರೆ ಮುಂದೆ ಆಸೆ ಇದೆ ಎಂದು ಡಾಕ್ಟರು ಹೇಳಿದ್ದರು. ಬೆಳಕು ತಿಳಿಯಿತೇ ಎಂದು ನೋಡಲು ಭಾನುವಾರಗಳಂದು ಬಸವಕಲ್ಯಾಣಕ್ಕೆ ಹೋಗುತ್ತೇನೆ.

ಹೋದ ವಾರ ಮಧ್ಯಾಹ್ನದ ಬೆಳಕು ಅಡುಗೆಮನೆಯವರೆಗೂ ಚೆಲ್ಲಿತ್ತು. ನನ್ನ ದನಿ ಕೇಳಿ ಮಾವಶಿ ನಕ್ಕಳು. ಆಮೇಲೆ ಮಗಳ ಮೇಲೆ ರೇಗಿದಳು:

"ಬಾಕಲಾ ತೆಗೀಬಾರದೇನ? ಮಂದಿ ಬಂದ್ರೂ ಕತ್ತಲದಾಗ ಕುಂದರಸ್ತಿ."

ಬಾಗಿಲು ತೆರೆದೇ ಇತ್ತು. ಮಗಳು ನನ್ನ ಮುಖ ನೋಡಿದಳು. ಎದ್ದು ಹೋಗಿ, ತೆರೆದ ಬಾಗಿಲಿನ ಚಿಲಕವನ್ನು ಸದ್ದಾಗುವಂತೆ ಎಳೆದಳು.

"ಹಾಂ," ಎಂದಳು ಮಾವಶಿ, "ಈಗ ಛಲೋ ಆತು ನೋಡು."