ತಾನಾಗಿ ಜಜ್ಜಿಹೋದ ಡಬ್ಬ

ಯಾರೂ ಮುಟ್ಟದೆ ಎಣ್ಣೆ ಡಬ್ಬ ಜಜ್ಜಿಹೋಗುವುದು ಆಗದ ಮಾತು ಎಂದವರು ನನ್ನ ಅಜ್ಜಿ. ಆಗುತ್ತದೆ ಎಂದು ನನಗೆ ಗೊತ್ತಿತ್ತು. ಹೇಳಲಿಲ್ಲ. ಡಬ್ಬ ಹಾಳಾದದ್ದು ನನ್ನ ಕೈಯಿಂದ — ಅಪವಾದ ಹೊತ್ತವಳು ಅಣ್ಣನ ಹೆಂಡತಿ, ಜಗಳೂರಿನಿಂದ ಬಂದ ಮಂಜುಳತ್ತಿಗೆ.

ನ್ಯಾಮತಿಯ ನಮ್ಮ ಮನೆಯಲ್ಲಿ ಯಾರಾದರೊಬ್ಬರ ಮೇಲೆ ಅನುಮಾನ ಇರಲೇಬೇಕಿತ್ತು. ಅತ್ತಿಗೆ ಬರುವ ತನಕ ಅದು ನನ್ನ ಮೇಲಿತ್ತು. ಹೊನ್ನಾಳಿಯ ಕಾಲೇಜಿನಿಂದ ಬರುವ ಬಸ್ಸು ತಡವಾದರೆ ಯಾಕೆ ತಡ? ಪುಸ್ತಕದೊಳಗೆ ಏನಿದೆ? ಅಜ್ಜಿ ಓದಲು ಬಾರದಿದ್ದರೂ ಪುಟ ಕೊಡವಿ ನೋಡುತ್ತಿದ್ದರು. "ಹತ್ತನೇ ಕ್ಲಾಸು ದಾಟಿದೋರು ಈ ಮನ್ಯಾಗೆ ಯಾರೂ ಇಲ್ಲ. ಒಂದು ಮಾತು ಬರ್ಲಿ ನಿನ್ನ ಮ್ಯಾಲೆ, ಅವತ್ತೇ ಕಾಲೇಜು ಬಂದ್."

ನಾನಾಗ ಮೊದಲ ಪಿಯುಸಿ. ಅಂದು ಬೆಳಿಗ್ಗೆ ಗಾಣದಿಂದ ಎಣ್ಣೆ ತರುವ ತಗಡಿನ ಡಬ್ಬ ತೊಳೆಯುವ ಕೆಲಸ ನನ್ನದು. ಜಿಡ್ಡು ಬಿಡಲೆಂದು ಒಳಗೆ ಸ್ವಲ್ಪ ನೀರು ಹಾಕಿ ಒಲೆಯ ಮೇಲೆ ಕುದಿಸಿದೆ. ಸಂಜೆ ಚೆಲ್ಲಿದರಾಯಿತೆಂದು ನೀರನ್ನು ಒಳಗೇ ಬಿಟ್ಟು, ಧೂಳು ಬೀಳದಿರಲೆಂದು ಬಿಸಿಯಿರುವಾಗಲೇ ಮುಚ್ಚಳ ಬಿಗಿಯಾಗಿ ತಿರುಗಿಸಿ, ಹಿತ್ತಲ ಕಲ್ಲಿನ ಮೇಲಿಟ್ಟು ಬಸ್ಸಿಗೆ ಓಡಿದೆ.

ಸಂಜೆ ಬಂದಾಗ ಡಬ್ಬ ನಡುಮನೆಯಲ್ಲಿತ್ತು — ನಾಲ್ಕೂ ಕಡೆ ಒಳಕ್ಕೆ ಕುಸಿದು. ಧಡ್ ಎಂದ ಸದ್ದಿಗೆ ಅಜ್ಜಿ ಹಿತ್ತಲಿಗೆ ಬಂದಾಗ ಅಲ್ಲಿದ್ದವಳು ಅತ್ತಿಗೆಯೊಬ್ಬಳೇ. ಅದಕ್ಕೂ ಸ್ವಲ್ಪ ಮೊದಲು ಸಾರಿಗೆ ಉಪ್ಪು ಜಾಸ್ತಿಯೆಂದು ಬೈಸಿಕೊಂಡಿದ್ದಳು.

"ನೀ ಇಟ್ಟು ಹೋದಾಗ ನೆಟ್ಟಗಿತ್ತೇನೆ?" ಅಜ್ಜಿ ಕೇಳಿದರು.

"ನೆಟ್ಟಗಿತ್ತಜ್ಜಿ."

ನಿಜವನ್ನೇ ಹೇಳಿದ್ದೆ. ಆ ನಿಜವೇ ಅವಳನ್ನು ಸಿಕ್ಕಿಸಿತು.

"ನಾ ಮುಟ್ಟೇ ಇಲ್ಲಜ್ಜಿ. ತಾನೇ ಒಳಗೆ ಹೋತು," ಎಂದಳು ಅತ್ತಿಗೆ.

"ತಾನೇ ಹೆಂಗೆ ಹೋಗ್ತೈತೆ? ಜಗಳೂರಿನ ಸಿಟ್ಟು ಡಬ್ಬದ ಮ್ಯಾಲೆ ತೀರಿಸ್ಕೊಂಡ್ಯಾ?"

ಅಣ್ಣ ನಕ್ಕ. ಅಂದಿನಿಂದ ಮನೆಯಲ್ಲಿ ಲೋಟ ಬಿದ್ದರೂ "ಅದೂ ತಾನೇ ಬಿತ್ತೇನವ್ವಾ?" ಅವಳು ಒಗ್ಗರಣೆ ಹಾಕುವಾಗ ಅಜ್ಜಿ ಹೊಸ್ತಿಲ ಮೇಲೆ ಕೂತು ಕಾಯುತ್ತಿದ್ದರು. ಜಗಳೂರಿನಿಂದ ಅವಳ ಅವ್ವ ಬಂದಾಗಲೂ ಇದೇ ಮಾತು. ಆಕೆ ಎಲ್ಲರೆದುರಿಗೇ ಮಗಳನ್ನು ಬೈದರು. ಆಮೇಲೆ ಅತ್ತಿಗೆ 'ನಾನಲ್ಲ' ಎನ್ನುವುದನ್ನೇ ಬಿಟ್ಟಳು.

ಕೆಲವು ದಿನಗಳಾದ ಮೇಲೆ ಕಾಲೇಜಿನಲ್ಲಿ ಅನಿಲಗಳ ಪಾಠ. ರಸಾಯನಶಾಸ್ತ್ರದ ಮೇಷ್ಟ್ರು ತಗಡಿನ ಡಬ್ಬವೊಂದರಲ್ಲಿ ನೀರು ಕುದಿಸಿ, ಉರಿಯಿಂದಿಳಿಸಿ, ಮುಚ್ಚಳ ಬಿಗಿದು ಮೇಜಿನ ಮೇಲಿಟ್ಟರು. ಆವಿ ಗಾಳಿಯನ್ನು ಹೊರದೂಡಿರುತ್ತದೆ, ತಣ್ಣಗಾದಂತೆ ಆವಿಯೂ ನೀರಾಗುತ್ತದೆ, ಒಳಗಿನ ಒತ್ತಡ ಇಳಿಯುತ್ತದೆ, ಹೊರಗಿನ ಗಾಳಿ ಅಮುಕುತ್ತದೆ — ಅವರು ಹೇಳುತ್ತಿದ್ದಂತೆಯೇ ಡಬ್ಬ ಕುಸಿಯಿತು. ಯಾರೂ ಮುಟ್ಟಿರಲಿಲ್ಲ. ತರಗತಿ ಚಪ್ಪಾಳೆ ತಟ್ಟಿತು. ನನ್ನ ಕೈ ಮೇಲೇಳಲಿಲ್ಲ.

ಇವತ್ತೇ ಹೇಳಿಬಿಡುತ್ತೇನೆ ಎಂದುಕೊಂಡು ಬಸ್ಸಿಳಿದೆ. ಮನೆಯಲ್ಲಿ ಅಜ್ಜಿ ಅತ್ತಿಗೆಯನ್ನು ನಿಲ್ಲಿಸಿಕೊಂಡು ಸೌಟು ಎಲ್ಲಿ ಹೋಯಿತೆಂದು ಕೇಳುತ್ತಿದ್ದರು. ನಾನು ತಡವಾಗಿ ಬಂದದ್ದನ್ನು ಯಾರೂ ನೋಡಲಿಲ್ಲ. ಪುಸ್ತಕ ತೆಗೆದು ಕೂತೆ. ಊಟದ ತನಕ ಯಾರೂ ಕರೆಯಲಿಲ್ಲ. ಆ ನೆಮ್ಮದಿ —

ನಾಳೆ ಹೇಳೋಣ ಎಂದೆ. ಪರೀಕ್ಷೆ ಮುಗಿಯಲಿ ಎಂದೆ. ಬಿಎಸ್ಸಿಯೂ ಮುಗಿಯಿತು. ಒಂದು ಡಬ್ಬ, ಒಂದು ಒಲೆ ಸಾಕಿತ್ತು, ಅಜ್ಜಿಯ ಕಣ್ಣೆದುರೇ ತೋರಿಸಬಹುದಿತ್ತು. ಕಾಲೇಜು ಬಿಡಿಸುತ್ತಾರೆಂದು ಹೆದರಿದ್ದೆ — ಅದು ಅರ್ಧ ನಿಜ. ಅನುಮಾನ ಅವಳ ಮೇಲಿದ್ದಷ್ಟು ದಿನ ನಾನು ಆರಾಮಾಗಿ ಓದಬಹುದಿತ್ತು. ಇದು ಉಳಿದರ್ಧ.

ಮೊನ್ನೆ ಪದವಿ ಪ್ರಮಾಣಪತ್ರ ಬಂತು. ನಮ್ಮ ವಂಶದಲ್ಲೇ ಮೊದಲನೆಯದು. ಹೆಮ್ಮೆ ಇಲ್ಲವೆಂದರೆ ಸುಳ್ಳಾಗುತ್ತದೆ. ಅಜ್ಜಿ, ಅಣ್ಣ, ಅತ್ತಿಗೆ ಮೂವರೂ ನಡುಮನೆಯಲ್ಲಿದ್ದಾಗ ಎಲ್ಲ ಹೇಳಿದೆ.

"ಅಷ್ಟೇನಾ? ಹಳೇ ಡಬ್ಬದ ಮಾತು ಈಗ್ಯಾಕೆ ತೆಗೀತೀಯ," ಎಂದ ಅಣ್ಣ.

ಎಷ್ಟೋ ವರ್ಷದ ಮೇಲೆ ಅಜ್ಜಿಯ ನೋಟ ಮತ್ತೆ ನನ್ನ ಮೇಲೆ ಬಂದು ನಿಂತಿತು.

ಪ್ರಮಾಣಪತ್ರವನ್ನು ಅತ್ತಿಗೆಯ ಕೈಗೆ ಕೊಟ್ಟೆ. ಅವಳು ಸೆರಗಿಗೆ ಕೈ ಒರೆಸಿ ತೆಗೆದುಕೊಂಡು ನನ್ನ ಹೆಸರಿನ ತನಕ ಓದಿದಳು.

"ನೀ ಓದಿದ್ದು ಒಳ್ಳೇದಾತು ಸುಮಾ," ಎಂದಳು. "ಸಿಟ್ಟಿನಾಗೆ ನಾನೇ ಒದ್ದು ಮರ್ತಿದೀನೇನೋ ಅಂತ ನನ್ನ ಮ್ಯಾಲೇ ನನಗೆ ಅನುಮಾನ ಬಂದುಬಿಟ್ಟಿತ್ತು."