ಪೂಜೆಗೆ ಒಂದು ತಂಬಿಗೆ ನೀರು

"ಗರ್ಭಚೀಲ ಜಾರೇತಿ. ನಾಳೆ ದವಾಖಾನಿಗೆ ಕರ್ಕೊಂಡ ಹೋಗು."

ಅವ್ವ ಇದನ್ನು ಹೇಳಿದ್ದು ರೊಟ್ಟಿ ಬಡಿಯುತ್ತ ಎಂದು ನನ್ನ ನೆನಪು. ಅಲ್ಲ, ಬದನೆಕಾಯಿ ಹೆಚ್ಚುತ್ತಿದ್ದೆ ಎನ್ನುತ್ತಾಳೆ ಅವಳು. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಮಾತು ಮಾತ್ರ ಅದೇ. ಕೆಮ್ಮಿದರೆ, ಬಗ್ಗಿದರೆ ಏನೋ ಹೊರಗೆ ಇಳಿದಂತಾಗುತ್ತಿತ್ತಂತೆ. ಬಟ್ಟೆ ಬಿಗಿದು ಕಟ್ಟಿಕೊಂಡು ವರ್ಷಗಳನ್ನು ದೂಡಿದ್ದಳು. ಲಿಂಗಪೂಜೆಗೆ ಮಣೆಯ ಮೇಲೆ ಕೂಡಲೂ ಆಗದಾದಾಗ ಸಾಕೆನಿಸಿತು.

ಹುಬ್ಬಳ್ಳಿಯ ಡಾಕ್ಟರಮ್ಮ ಎರಡು ದಾರಿ ಹೇಳಿದರು: ಒಳಗೆ ರಬ್ಬರಿನ ಉಂಗುರ ಇಟ್ಟು ತಡೆಯುವುದು, ಇಲ್ಲವೇ ಗರ್ಭಕೋಶ ತೆಗೆದು ಸಡಿಲವಾದದ್ದನ್ನು ಹೊಲಿದು ಬಿಗಿ ಮಾಡುವುದು.

"ಹೊಲ್ದ ಬಿಡ್ರಿ ಬಾಯಾರ. ಉಂಗುರ ಹಾಕ್ಕೊಳ್ಳೋ ವಯಸ್ಸ ಮುಗದೈತಿ."

ಡಾಕ್ಟರಮ್ಮ ನಕ್ಕರು. "ಆದ್ರ ಮೂರು ತಿಂಗಳ ಭಾರ ಎತ್ತಂಗಿಲ್ರಿ ಅವ್ವಾರ. ತುಂಬಿದ ಕೊಡಾ ಎತ್ತಿದ್ರ ಮತ್ತ ಜಾರತೈತಿ."

ಆಪರೇಶನ್ ಮುಗಿಸಿ ಗೋಪನಕೊಪ್ಪದ ಮನೆಗೆ ಬಂದೆವು. ಕೆಲವು ದಿನಗಳಲ್ಲಿ ನಳಕ್ಕೆ ನೀರು ಬಂತು. ನಳ ಬಂದ ದಿನ ಸ್ನಾನ ಮಾಡಿ, ಮೊದಲ ಕೊಡವನ್ನು ಪೂಜೆಗೆಂದು ತಾನೇ ತುಂಬಿ ಎತ್ತಿಡುವುದು ಅವಳ ಪದ್ಧತಿ. ಆ ನೀರನ್ನು ಬೇರೆಯವರು ಮುಟ್ಟುವಂತಿರಲಿಲ್ಲ. ನಾನು ಕೊಡ ಹಿಡಿದು ನಳದ ಬಳಿ ಹೋದೆ. ಅವ್ವನನ್ನು ನೋಡಲು ಬಂದಿದ್ದ ಅತ್ತೆ, ಅಪ್ಪನ ಅಕ್ಕ, ಹೊಸ್ತಿಲ ಬಳಿ ಕೂತಿದ್ದಳು.

"ಮಗಾ ತುಂಬಿದ ನೀರ್ಲೆ ಪೂಜಿ ಏನ? ಛಲೋ ಆತ ಬಿಡು! ನಾವು ಹಡದ ಮೈಯಾಗ ಕೊಡಾ ಹೊತ್ತೇವಿ."

"ಹೊತ್ತಿದ್ದಕ್ಕs ಜಾರೇತ್ರಿ ಅಕ್ಕಾರ," ಎಂದಳು ಅವ್ವ. ಆದರೂ ಎದ್ದು ಬಂದಳು. ಕೊಡದ ಕಂಠಕ್ಕೆ ಕೈ ಹಾಕಿದಳು.

"ಬ್ಯಾಡವ್ವಾ!" ಎಂದು ನಾನು ಕೂಗಿದೆ ಅಂದುಕೊಂಡಿದ್ದೇನೆ. ನೀ ಬಾಯೇ ತೆರೆದಿರಲಿಲ್ಲ ಎನ್ನುತ್ತಾಳೆ. ಅವಳು ಖಾಲಿ ಕೊಡವನ್ನು ನಳದ ಕೆಳಗಿಂದ ಸರಿಸಿ, ಅಲ್ಲಿ ಹಿತ್ತಾಳೆಯ ತಂಬಿಗೆ ಹಿಡಿದಳು.

"ಲಿಂಗಕ್ಕ ಎಷ್ಟ ನೀರ ಬೇಕ್ರಿ ಅಕ್ಕಾರ? ಇಷ್ಟs." ಆಮೇಲೆ ನನ್ನ ಕಡೆ ನೋಡಿ, "ಉಳದದ್ದ ನೀ ತುಂಬು," ಎಂದಳು.

ಅತ್ತೆ ಅಡಿಕೆ ಬಾಯಿಗೆ ಹಾಕಿಕೊಂಡಳು.

ಮೂರು ತಿಂಗಳ ಮೇಲೆ ಡಾಕ್ಟರಮ್ಮ ಪರೀಕ್ಷಿಸಿ, ಎಲ್ಲ ಗಟ್ಟಿಯಾಗಿ ನಿಂತಿದೆ ಎಂದರು. ಅಷ್ಟರಲ್ಲಿ ಅವ್ವ ಮತ್ತೆ ಮಣೆಯ ಮೇಲೆ ಕೂಡುತ್ತಿದ್ದಳು.

"ಇನ್ನ ಕೊಡಾ ಎತ್ತಬಹುದೇನ್ರಿ?" ಎಂದು ಕೇಳಿದವನು ನಾನು. ಇದರಲ್ಲಿ ನಮ್ಮಿಬ್ಬರ ನೆನಪಿಗೂ ತಕರಾರಿಲ್ಲ.

ಡಾಕ್ಟರಮ್ಮ ಉತ್ತರ ಕೊಡುವ ಮೊದಲೇ ಅವ್ವ ನನ್ನತ್ತ ತಿರುಗಿದಳು. "ಯಾಕಪಾ, ಇಷ್ಟಕ್ಕs ದಣದಿ ಏನ?"